ಹೊಸ ಶಾಕ್ ತರುವ ಮೊದಲು ಅಳತೆ ಟೇಪ್ ಹಿಡಿಯಿರಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಓಡಾಟಕ್ಕೆ ಹಳೆಯ ಮಹೀಂದ್ರ ಮೇಜರ್ ಜೀಪಿದೆ, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್. ಹಿಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್‌ನಿಂದ ಆಯಿಲ್ ಸೋರುತ್ತಿದೆ. ಖಾಲಿ ಗಾಡಿ ಟಾರು ರಸ್ತೆಗೆ ಬಂದರೆ ಹಿಂಭಾಗ ಕುಣಿಯುತ್ತದೆ. ನಮ್ಮ ಮೆಕ್ಯಾನಿಕ್ ಸೋರುವ ಒಂದನ್ನೇ ಬದಲಿಸಿದರೆ ಸಾಕು ಅನ್ನುತ್ತಾರೆ. ಪೇಟೆಯಲ್ಲಿ ಇನ್ನೊಬ್ಬರು ಅದಕ್ಕೇ ಆಯಿಲ್ ತುಂಬಿಸಿ ಕೊಡುತ್ತೇನೆ ಅಂದರು. ಗ್ಯಾಸ್ ಶಾಕ್ ಹಾಕಿಸಿ, ಗಾಡಿ ಎತ್ತರವೂ ಆಗುತ್ತೆ ಅನ್ನುವುದು ಮಗನ ಮಾತು. ಮೂಟೆ ಹೇರುವಾಗ ಹಿಂದೆ ತಗ್ಗುತ್ತದೆ ಅಂತ ಕಳೆದ ವರ್ಷ ಎರಡೂ ಕಡೆ ಒಂದೊಂದು ಪ್ಲೇಟು ಜಾಸ್ತಿ ಹಾಕಿಸಿದ್ದೆವು. ಯಾರ ಮಾತು ಕೇಳಬೇಕು? ಕೆಲಸವನ್ನು ತೋಟದಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಮೂವರ ಸಲಹೆ ಆಮೇಲೆ ನೋಡೋಣ. ಜಾಸ್ತಿ ಪ್ಲೇಟು ಹಾಕಿಸಿದ್ದೆವು ಅಂತ ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟಿದ್ದೀರಿ. ನನ್ನ ಅನುಮಾನ ಇರುವುದೇ ಅಲ್ಲಿ. ಪ್ಲೇಟು ಸೇರಿಸಿದಾಗ ಗಾಡಿಯ ಹಿಂಭಾಗ ಮೇಲೆದ್ದಿದೆ. ಶಾಕ್ ಮಾತ್ರ ಹಳೆಯ ಉದ್ದದ್ದೇ ಉಳಿದಿದೆ. ಅಂದರೆ ಖಾಲಿ ಜೀಪು ಸುಮ್ಮನೆ ನಿಂತಾಗಲೇ ಅದು ಮೊದಲಿಗಿಂತ ಜಾಸ್ತಿ ಎಳೆದುಕೊಂಡು ನಿಂತಿದೆ. ಚಕ್ರ ಒಂದು ಗುಂಡಿಗೆ ಇಳಿದರೆ ಇನ್ನು ಎಳೆಯಲು ಜಾಗವಿಲ್ಲ. ಒಳಗಿನ ಪಿಸ್ಟನ್ ಮೇಲಕ್ಕೆ ಹೋಗಿ ಸೀಲು ಕೂತಿರುವ ಕಡೆಗೇ ಗುದ್ದುತ್ತದೆ. ತೋಟದ ದಾರಿಯಲ್ಲಿ ದಿನಾ ಹೀಗೆ ಗುದ್ದಿದರೆ ಯಾವ ಸೀಲು ತಾನೇ ತಡೆದೀತು? ಇದೇ ಕಾರಣವಾಗಿದ್ದರೆ, ಅದೇ ಅಳತೆಯ ಹೊಸ ಶಾಕ್ ತಂದು ಹಾಕಿದರೂ ಮುಂದಿನ ಮಳೆಗಾಲಕ್ಕೆ ಅದೂ ಸೋರುತ್ತದೆ. ಆಗ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ.

ಶಾಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಮೊದಲು ತಿಳಿದಿರಲಿ. ಗಾಡಿಯ ಭಾರ ಹೊರುವುದು ಪ್ಲೇಟುಗಳು. ಶಾಕ್ ಭಾರ ಹೊರುವುದಿಲ್ಲ. ಪ್ಲೇಟು ಒಮ್ಮೆ ಬಗ್ಗಿ ಬಿಟ್ಟರೆ ತೂಗಿಬಿಟ್ಟ ತೊಟ್ಟಿಲಿನ ಹಾಗೆ ಆಡುತ್ತಲೇ ಇರುತ್ತದೆ. ಆ ಆಟ ನಿಲ್ಲಿಸುವುದು ಮಾತ್ರ ಶಾಕ್‌ನ ಕೆಲಸ. ಒಳಗೆ ಆಯಿಲ್ ತುಂಬಿದ ಕೊಳವೆ, ಅದರಲ್ಲಿ ರಾಡಿನ ತುದಿಗೆ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ವಾಲ್ವುಗಳು. ಆಯಿಲ್ ಆ ಸಣ್ಣ ದಾರಿಯಲ್ಲಿ ನುಗ್ಗಿ ಹೋಗುವಾಗ ತಡೆ ಹುಟ್ಟುತ್ತದೆ, ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಒತ್ತುವಾಗ ತಡೆ ಕಡಿಮೆ, ಎಳೆಯುವಾಗ ಜಾಸ್ತಿ ಇರುವ ಹಾಗೆ ವಾಲ್ವು ಹೊಂದಿಸಿರುತ್ತಾರೆ. ಹಾಗಾಗಿ ಮೂಟೆ ಹೇರಿದಾಗ ಹಿಂದೆ ತಗ್ಗುವುದಕ್ಕೂ ಶಾಕ್‌ಗೂ ಸಂಬಂಧವಿಲ್ಲ.

ನಿಮ್ಮ ಗಾಡಿ ಕುಣಿಯುವುದಕ್ಕೆ ಸೋರುವ ಶಾಕ್ ಒಂದೇ ಕಾರಣ ಅಂತಲೂ ನಾನು ಹೇಳಲಾರೆ. ಪ್ಲೇಟು ಗಟ್ಟಿಯಾದಷ್ಟೂ ಅದು ಜೋರಾಗಿ ವಾಪಸ್ ಚಿಮ್ಮುತ್ತದೆ. ಖಾಲಿ ಗಾಡಿಯಲ್ಲಿ ಅದನ್ನು ಹಿಡಿದಿಡುವ ಭಾರವೂ ಇಲ್ಲ. ಕೊಯ್ಲಿನ ಎರಡು ಮೂರು ತಿಂಗಳು ಬಿಟ್ಟರೆ ಉಳಿದಂತೆ ಜೀಪು ಖಾಲಿಯೇ ಓಡುವುದಾದರೆ ಆ ಜಾಸ್ತಿ ಪ್ಲೇಟು ಬೇಕೇ ಅಂತ ಯೋಚಿಸಿ. ನನ್ನನ್ನು ಕೇಳಿದರೆ ತೆಗೆಸುವುದೇ ವಾಸಿ. ಹಳೆಯ ಪ್ಲೇಟುಗಳು ಸತ್ತು ಚಪ್ಪಟೆಯಾಗಿದ್ದರೆ ಸೆಟ್ಟಿಗೆ ಕಮಾನು ಹೊಡೆಸಿ. ಟೈರಿನ ಗಾಳಿಯನ್ನೂ ನೋಡಿ. ಲೋಡಿಗೆ ಅಂತ ಹೊಡೆಸಿದ ಗಾಳಿಯನ್ನು ಇಳಿಸದೆ ಖಾಲಿ ಓಡಿಸಿದರೆ ಹೊಸ ಗಾಡಿಯೂ ಕುಣಿಯುತ್ತದೆ.

ಈಗ ಶಾಕ್ ಸತ್ತಿದೆಯೋ ಇಲ್ಲವೋ ನೋಡುವ ಬಗೆ. ಬಂಪರ್ ಮೇಲೆ ಕೂತು ಅದುಮಿ ಬಿಟ್ಟು ನೋಡುವ ಪದ್ಧತಿ ಕಾರಿಗೆ ಪರವಾಗಿಲ್ಲ, ಜೀಪಿಗೆ ಅಷ್ಟು ನಂಬಿಕೆಯದ್ದಲ್ಲ. ತುಕ್ಕು ಹಿಡಿದ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಕುಣಿತ ತಡೆಯುತ್ತವೆ, ಸತ್ತ ಶಾಕ್ ಕೂಡ ಪಾಸಾಗಿಬಿಡುತ್ತದೆ. ಅದರ ಬದಲು ಕೆಟ್ಟ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ನಾಲ್ಕೂ ಶಾಕ್‌ಗಳ ಹತ್ತಿರ ಕೈ ಒಯ್ದು, ತೀರಾ ಬಿಸಿ ಇಲ್ಲ ಅಂತ ಗೊತ್ತಾದ ಮೇಲೆ ಮುಟ್ಟಿ ನೋಡಿ. ಕೆಲಸ ಮಾಡಿದ ಶಾಕ್ ಬೆಚ್ಚಗಿರುತ್ತದೆ. ತಣ್ಣಗಿರುವುದು ಸೋಮಾರಿ. ಸೋರಿಕೆಯ ವಿಷಯದಲ್ಲೂ ಅವಸರ ಬೇಡ. ರಾಡಿನ ಬುಡದಲ್ಲಿ ತೆಳ್ಳಗೆ ಆಯಿಲ್ ಪಸೆ ಇದ್ದರೆ ಅದು ಮಾಮೂಲು. ಮೈಮೇಲೆ ಕೆಂಪು ಮಣ್ಣು ಆಯಿಲ್ ಕುಡಿದು ದಪ್ಪ ಪದರವಾಗಿ ಅಂಟಿದ್ದರೆ, ತೊಳೆದು ಒರೆಸಿದ ಎರಡೇ ದಿನಕ್ಕೆ ಮತ್ತೆ ಒದ್ದೆಯಾದರೆ, ಅದರ ಕಥೆ ಮುಗಿಯಿತು.

ಆಯಿಲ್ ತುಂಬಿಸುವ ಮಾತಿಗೆ ನನ್ನ ಉತ್ತರ ಬೇಡ ಅಂತಲೇ. ಬೈಕಿನ ಮುಂದಿನ ಫೋರ್ಕನ್ನು ಬಿಚ್ಚಿ, ಸೀಲು ಹಾಕಿ, ಆಯಿಲ್ ತುಂಬಲೆಂದೇ ಮಾಡಿರುತ್ತಾರೆ. ಜೀಪಿನ ಶಾಕ್ ಬಾಯಿ ಮುಚ್ಚಿ ಬೆಸುಗೆ ಹಾಕಿದ್ದು. ಅದನ್ನು ಕತ್ತರಿಸಿ, ಸೀಲು ಬದಲಿಸಿ, ಮತ್ತೆ ಬೆಸೆಯುತ್ತಾರೆ. ರಾಡಿನ ಮೇಲೆ ತುಕ್ಕಿನ ಸಣ್ಣ ಚುಕ್ಕೆ ಇದ್ದರೂ ಹೊಸ ಸೀಲನ್ನು ಅದು ಕೆಲವೇ ದಿನದಲ್ಲಿ ಕೊರೆದುಬಿಡುತ್ತದೆ. ಎಂಜಿನ್ ಆಯಿಲ್ ತುಂಬುವವರೂ ಇದ್ದಾರೆ. ಅದು ಶಾಕ್ ಆಯಿಲ್‌ಗಿಂತ ಬಲು ಮಂದ, ಚಳಿಗಾಲದ ಬೆಳಿಗ್ಗೆ ಶಾಕ್ ಮರದ ಕೊರಡಾಗುತ್ತದೆ. ಕೊಯ್ಲಿನ ಮಧ್ಯೆ ಸಿಕ್ಕಿಕೊಂಡು ನಾಲ್ಕು ವಾರ ತಳ್ಳಬೇಕಿದ್ದರೆ ಮಾಡಿಸಿ, ಅದಕ್ಕಿಂತ ಹೆಚ್ಚು ನಂಬಬೇಡಿ.

ಒಂದನ್ನೇ ಬದಲಿಸುವುದೂ ಬೇಡ. ಒಂದು ಕಡೆ ಹೊಸ ತಡೆ, ಇನ್ನೊಂದು ಕಡೆ ಸವೆದ ತಡೆ ಇದ್ದರೆ ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಎರಡು ಚಕ್ರ ಎರಡು ತರ ನಡೆದುಕೊಳ್ಳುತ್ತವೆ. ಹಿಂದಿನ ಎರಡನ್ನೂ ಒಟ್ಟಿಗೆ ಬದಲಿಸಿ.

ಮಗನ ಗ್ಯಾಸ್ ಶಾಕ್ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಗ್ಯಾಸ್ ಅಂದರೆ ನೈಟ್ರೋಜನ್. ಆಯಿಲ್ ಇದ್ದೇ ಇರುತ್ತದೆ, ಅದು ನೊರೆಯಾಗದ ಹಾಗೆ ಒತ್ತಡದಲ್ಲಿ ಇಡುವುದು ಗ್ಯಾಸಿನ ಕೆಲಸ. ಕೊರಕಲು ಬಿದ್ದ ಉದ್ದದ ಮಣ್ಣು ರಸ್ತೆಯಲ್ಲಿ ವೇಗವಾಗಿ ಗಂಟೆಗಟ್ಟಲೆ ಓಡಿಸುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಬರೀ ಆಯಿಲ್ ಶಾಕ್ ಅಲ್ಲಿ ಕಾದು, ಆಯಿಲ್‌ಗೆ ಗಾಳಿ ಬೆರೆತು, ಹಿಡಿತ ಬಿಟ್ಟುಬಿಡುತ್ತದೆ. ನೀವು ತೋಟದೊಳಗೆ ಮೊದಲನೇ, ಎರಡನೇ ಗೇರಿನಲ್ಲಿ ಹತ್ತಿ ಇಳಿಯುವವರು. ಶಾಕ್ ಅಷ್ಟು ಕಾಯುವ ಪ್ರಶ್ನೆಯೇ ಇಲ್ಲ.

ಗ್ಯಾಸ್ ಶಾಕ್‌ನಲ್ಲೂ ಎರಡು ಜಾತಿ. ಒಂದರಲ್ಲಿ ಕೊಳವೆಯೊಳಗೆ ಕೊಳವೆ ಇರುತ್ತದೆ, ಗ್ಯಾಸಿನ ಒತ್ತಡ ಕೆಲವೇ ಬಾರ್. ಇನ್ನೊಂದು ಮಾನೋಟ್ಯೂಬ್, ಅಂದರೆ ಒಂದೇ ಕೊಳವೆ, ಒತ್ತಡ 20 ಬಾರ್ ದಾಟುತ್ತದೆ. ಮಾನೋಟ್ಯೂಬ್ ಒಳ್ಳೆಯ ವಸ್ತು, ಆದರೆ ಅದರ ಪಿಸ್ಟನ್ ಓಡುವುದು ಹೊರಗೆ ಕಾಣುವ ಕೊಳವೆಯ ಒಳಗೋಡೆಯ ಮೇಲೇ. ದಾರಿಯ ಕಲ್ಲು ಸಿಡಿದು ಒಂದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದ್ದು ಹೊರಗಿನ ಸಣ್ಣ ಪೆಟ್ಟು ತಿಂದರೂ ನಡೆಯುತ್ತದೆ. ನಿಮ್ಮ ದಾರಿಗೆ, ನಿಮ್ಮ ವೇಗಕ್ಕೆ, ಗೇಬ್ರಿಯಲ್‌ನಂಥ ಹಳೆಯ ಕಂಪನಿಗಳ ಮಾಮೂಲು ಎರಡು ಕೊಳವೆಯ ಆಯಿಲ್ ಶಾಕ್ ಧಾರಾಳವಾಗಿ ಸಾಕು. ಗಾಡಿ ಎತ್ತರ ಆಗುವ ಮಾತು ಬರೀ ಭ್ರಮೆ. ಒತ್ತಡ ಜಾಸ್ತಿ ಇರುವ ಮಾನೋಟ್ಯೂಬ್ ರಾಡನ್ನು 30–40 ಕೆಜಿ ಬಲದಲ್ಲಿ ಹೊರಗೆ ತಳ್ಳಬಹುದು. ಜೀಪಿನ ಪ್ಲೇಟುಗಳ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಅಳತೆಗೆ ಬರೋಣ. ಅಂಗಡಿಯಲ್ಲಿ ಮೇಜರ್ ಹಿಂದಿನ ಶಾಕ್ ಅಂತ ಕೇಳಿದರೆ ಕಂಪನಿ ಅಳತೆಯದ್ದು ಕೊಡುತ್ತಾರೆ. ಪ್ಲೇಟು ತೆಗೆಸಿ ಮೊದಲಿನ ಎತ್ತರಕ್ಕೆ ಬಂದರೆ ಅದೇ ಸರಿ. ಪ್ಲೇಟು ಇರಲಿ ಅನ್ನುವುದಾದರೆ ಮೂರು ಅಳತೆ ಬೇಕು. ಗಾಡಿ ಖಾಲಿ ಇಟ್ಟು, ಸಮ ನೆಲದಲ್ಲಿ ನಿಲ್ಲಿಸಿ, ಶಾಕ್‌ನ ಮೇಲಿನ ಪಿನ್ನಿನ ನಡುವಿನಿಂದ ಕೆಳಗಿನ ಪಿನ್ನಿನ ನಡುವಿಗೆ ಟೇಪ್ ಹಿಡಿಯಿರಿ. ಎರಡನೆಯದು, ಹಿಂದಿನ ಎರಡು ಚಕ್ರಗಳ ನಡುವಿನ ದಪ್ಪ ಕೊಳವೆ, ಅಂದರೆ ಆಕ್ಸಲ್ ಹೌಸಿಂಗ್‌ಗೂ ಅದರ ಮೇಲೆ ಚಾಸಿಗೆ ಕೂರಿಸಿದ, ಪೆಟ್ಟು ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ನಡುವಿನ ಖಾಲಿ ಜಾಗ. ಮೂರನೆಯದು, ಚಾಸಿ ಎತ್ತಿ ಚಕ್ರ ಪೂರ್ತಿ ಜೋತುಬಿದ್ದಾಗ ಅದೇ ಎರಡು ಪಿನ್ನುಗಳ ದೂರ. ಇದನ್ನು ಶಾಕ್‌ನ ಕೆಳತುದಿ ಬಿಚ್ಚಿದ ಮೇಲೆಯೇ ಅಳೆಯಬೇಕು, ಇಲ್ಲದಿದ್ದರೆ ಹಳೆಯ ಶಾಕ್‌ನ ಉದ್ದವನ್ನೇ ಅಳೆದ ಹಾಗಾಗುತ್ತದೆ.

ಲೆಕ್ಕ ಹೇಗೆ ಅನ್ನುವುದಕ್ಕೆ ಕಾಲ್ಪನಿಕ ಸಂಖ್ಯೆ ಹೇಳುತ್ತೇನೆ, ಇವು ನಿಮ್ಮ ಗಾಡಿಯ ಅಳತೆಯಲ್ಲ. ನಿಂತಾಗ ಪಿನ್ನುಗಳ ದೂರ 400 ಮಿಮೀ. ಬಂಪ್ ಸ್ಟಾಪ್ ಜಾಗ 75. ರಬ್ಬರು ತಾಗಿದ ಮೇಲೂ ಅಮುಕಿಕೊಳ್ಳುತ್ತದೆ, ಅದಕ್ಕೆ 20 ಬಿಡಿ. 400ರಿಂದ ಎರಡನ್ನೂ ಕಳೆದರೆ 305. ಶಾಕನ್ನು ಪೂರ್ತಿ ಒತ್ತಿದಾಗಿನ ಉದ್ದ 305ಕ್ಕಿಂತ ಕಡಿಮೆ ಇರಬೇಕು. ಚಕ್ರ ಜೋತಾಗ ದೂರ 470 ಬಂತು ಅನ್ನಿ. ಪೂರ್ತಿ ಎಳೆದಾಗಿನ ಉದ್ದ ಅದಕ್ಕಿಂತ ಜಾಸ್ತಿ, 485ರ ಆಸುಪಾಸಿನಲ್ಲಿ ಇರಬೇಕು. ಬರೀ ಉದ್ದ ಇದ್ದರೆ ಆಯಿತು ಅಂತ ತೀರಾ ದೊಡ್ಡದನ್ನು ತರಬೇಡಿ. ಲೋಡು ಹೇರಿ ಗುಂಡಿಗೆ ಇಳಿದಾಗ ಬಂಪ್ ಸ್ಟಾಪ್‌ಗಿಂತ ಮೊದಲೇ ಅದರ ತಳ ಬಡಿಯುತ್ತದೆ, ಪಿನ್ನು ಬಾಗುತ್ತದೆ ಇಲ್ಲವೇ ಬ್ರಾಕೆಟ್ ಕಿತ್ತುಬರುತ್ತದೆ. ಹಳೆಯ ಶಾಕ್‌ನ ಜೊತೆಗೆ ಈ ಎರಡು ಸಂಖ್ಯೆಯನ್ನೂ ಬರೆದು ಅಂಗಡಿಗೆ ಒಯ್ಯಿರಿ. ಪಿನ್ನಿಗೆ ಕೂರುವ ತುದಿಯ ಬಳೆಯ ಅಗಲ, ಬಳೆಯೊಳಗಿನ ರಬ್ಬರ್ ಬುಶ್‌ನ ಒಳ ಅಳತೆ ತಾಳೆ ನೋಡಲು ಹಳೆಯದು ಕೈಯಲ್ಲಿ ಇರಲೇಬೇಕು.

ತೋಟದಲ್ಲೇ ಮಾಡಬಹುದಾ ಅಂದರೆ ಧಾರಾಳವಾಗಿ ಮಾಡಬಹುದು. ಪ್ಲೇಟ್ ಗಾಡಿಯಲ್ಲಿ ಇದು ಸುಲಭದ ಕೆಲಸ, ಶಾಕ್ ಬಿಚ್ಚಿದರೂ ಪ್ಲೇಟುಗಳು ಹೌಸಿಂಗನ್ನು ಹಿಡಿದುಕೊಂಡೇ ಇರುತ್ತವೆ. 2020ರಲ್ಲಿ ಬಂದ ಹೊಸ ಥಾರ್ ಇದ್ದವರು ಮಾತ್ರ ಈ ಉತ್ತರ ಓದಿ ಪಾನ (ಸ್ಪ್ಯಾನರ್) ಹಿಡಿಯಬಾರದು. ಅದರಲ್ಲಿ ಮುಂದಿನ ಶಾಕ್ ಮೇಲೇ ಕಾಯಿಲ್ ಸ್ಪ್ರಿಂಗ್ ಅದುಮಿ ಕೂರಿಸಿದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಜೀವಕ್ಕೇ ಅಪಾಯ. ಅದರ ಹಿಂಬದಿಯ ಎರಡೂ ಶಾಕ್ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಕೆಳಗೆ ಬಿದ್ದು ಬ್ರೇಕ್ ಹೋಸ್ ಎಳೆಯುತ್ತದೆ.

ನಿಮ್ಮ ಜೀಪಿನಲ್ಲಿ ಭಯ ಇರುವುದು ಬೇರೆ ಕಡೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಹಿಂದಿನ ಆಕ್ಸಲ್ ತಿರುಗಿಸುವ ಪ್ರೊಪೆಲರ್ ಶಾಫ್ಟನ್ನು. ನಿಮ್ಮದೂ ಹಾಗಾ ಅಂತ ಬಗ್ಗಿ ನೋಡಿ. ಹಾಗಿದ್ದರೆ ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಆ ಬ್ರೇಕಿಗೆ ಅರ್ಥವಿಲ್ಲ. ಶಾಫ್ಟ್ ನಿಂತಿದ್ದರೂ ಎರಡು ಚಕ್ರ ಬೇರೆ ಬೇರೆ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗೆ ಮೇಲಿನ ಚಕ್ರ ಹಿಂದಕ್ಕೆ ತಿರುಗಿ ಕೆಳಗಿನ ಚಕ್ರವನ್ನು ಮುಂದಕ್ಕೆ ಬಿಡುತ್ತದೆ, ಗಾಡಿ ಉರುಳುತ್ತದೆ. ಗೇರಿನಲ್ಲಿ ಇಟ್ಟರೂ ಅಷ್ಟೇ. ಆದ್ದರಿಂದ ಕಾಫಿ ಕಣದಂಥ ಸಮ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು ಆಮೇಲೆ ಜಾಕಿ ಹಾಕಿ. ಎತ್ತಿದ ಮೇಲೆ ಚಾಸಿಯ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಇರಲಿ. ಅದು ಇಲ್ಲದಿದ್ದರೆ ಅಗಲವಾದ ಗಟ್ಟಿ ಮರದ ತುಂಡುಗಳನ್ನು ಅಡ್ಡ ಉದ್ದ ಪೇರಿಸಿ. ಕೆಂಪು ಕಲ್ಲು, ಸಿಮೆಂಟ್ ಬ್ಲಾಕ್ ಖಂಡಿತ ಬೇಡ. ನೋಡಲು ಗಟ್ಟಿ, ಒಂದು ಮೂಲೆಗೆ ಭಾರ ಬಿದ್ದರೆ ಸುಳಿವು ಕೊಡದೆ ಒಡೆಯುತ್ತವೆ. ಜಾಕಿಯೊಂದನ್ನೇ ನಂಬಿ ಕೆಳಗೆ ತೂರುವುದಂತೂ ಬೇಡವೇ ಬೇಡ.

ಹಿಂದಿನ ಸಂಜೆಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿರಿ. ಮರುದಿನ ಇನ್ನೊಂದು ಜಾಕಿಯನ್ನು ಹೌಸಿಂಗ್ ಕೆಳಗೆ ತಾಗುವಷ್ಟು ಕೊಡಿ. ಸ್ಪ್ಲಿಟ್ ಪಿನ್ ಇದ್ದರೆ ಎಳೆದು, ಕೆಳಗಿನ ನಟ್ಟು, ವಾಷರ್ ತೆಗೆಯಿರಿ. ನನ್ನ ಅನುಮಾನ ನಿಜವೋ ಸುಳ್ಳೋ ಇಲ್ಲೇ ಗೊತ್ತಾಗುತ್ತದೆ. ಹೌಸಿಂಗ್ ಕೆಳಗಿನ ಜಾಕಿಯನ್ನು ಸ್ವಲ್ಪ ಎತ್ತಿದರೆ ಮಾತ್ರ ಬಳೆ ಪಿನ್ನಿನಿಂದ ಸಡಿಲವಾಗಿ ಬರುತ್ತದಾ? ಬಳೆ ಕಳಚಿದ ಮೇಲೆ ಜಾಕಿ ಇಳಿಸಿದರೆ ಹೌಸಿಂಗ್ ಮೊದಲಿಗಿಂತ ಕೆಳಗೆ ಹೋಗುತ್ತದಾ? ಹಾಗಾದರೆ ಇಷ್ಟು ದಿನ ಚಕ್ರವನ್ನು ತಡೆದು ನಿಲ್ಲಿಸುತ್ತಿದ್ದದ್ದು ಪಾಪ ಆ ಶಾಕೇ. ಉದ್ದದ್ದು ಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈ ಹೊತ್ತಿನಲ್ಲಿ ಬೆರಳನ್ನು ಬಳೆಗೂ ಪಿನ್ನಿಗೂ ನಡುವೆ ಇಡಬೇಡಿ. ಬ್ರೇಕ್ ಹೋಸ್ ಬಿಗಿಯಾಗುತ್ತಿದೆಯಾ ಅಂತಲೂ ನೋಡಿಕೊಳ್ಳಿ.

ಬಳೆ ತುಕ್ಕಿನಲ್ಲಿ ಕಚ್ಚಿಕೊಂಡಿದ್ದರೆ ಪಿನ್ನಿನ ತುದಿಗೆ ಸುತ್ತಿಗೆಯಿಂದ ಬಾರಿಸಬೇಡಿ. ಮರೆ (ಥ್ರೆಡ್) ಹಾಳಾದರೆ ಹೊಸ ನಟ್ಟು ಕೂರುವುದಿಲ್ಲ. ಆ ಪಿನ್ನು ಬ್ರಾಕೆಟ್‌ಗೆ ಕೂಡಿಕೊಂಡಿದ್ದರೆ ವೆಲ್ಡಿಂಗ್ ಅಂಗಡಿಗೆ ಹೋಗಬೇಕು. ಶಾಕ್ ಹೇಗಿದ್ದರೂ ಬಿಸಾಡುವುದೇ ಅಲ್ವಾ, ಹ್ಯಾಕ್ಸಾದಿಂದ ಬಳೆಯನ್ನೇ ಕೊಯ್ದುಬಿಡಿ. ಗ್ಯಾಸ್ ಕಟರ್‌ನ ಬೆಂಕಿಯಿಂದ ಕೊಯ್ಯುವುದು ಬೇಡ. ಮುಚ್ಚಿದ ಕೊಳವೆಯಲ್ಲಿ ಆಯಿಲ್ ಇದೆ, ಪಕ್ಕದಲ್ಲಿ ಬ್ರೇಕ್ ಪೈಪಿದೆ.

ಹೊಸದನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಾಕಿಬಿಡುವವರೇ ಜಾಸ್ತಿ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಅಡ್ಡ ಮಲಗಿದ ಆಯಿಲ್ ಶಾಕ್‌ನ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ಕೂರುವ ಹಾಗೆ ನೆಟ್ಟಗೆ ಹಿಡಿದು ಪೂರ್ತಿ ಎಳೆಯಿರಿ. ಹಾಗೇ ತಲೆಕೆಳಗೆ ಮಾಡಿ ಪೂರ್ತಿ ಒತ್ತಿ. ಮತ್ತೆ ನೆಟ್ಟಗೆ ತಿರುಗಿಸಿ ಎಳೆಯಿರಿ. ಮೊದಮೊದಲು ಮಧ್ಯೆ ಒಂದು ಕಡೆ ತಡೆಯೇ ಇಲ್ಲದೆ ಕೈ ಜಾರಿದ ಹಾಗಾಗುತ್ತದೆ, ಗುಳುಕ್ ಅಂತ ಸದ್ದೂ ಬರಬಹುದು. ಆ ಜಾರು ಹೋಗಿ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಬಿಗಿ ಸಿಗುವ ತನಕ ಮಾಡಿ. ಎಷ್ಟು ಮಾಡಿದರೂ ಜಾರು ಹೋಗದಿದ್ದರೆ ವಾಪಸ್ ಕೊಟ್ಟು ಬೇರೆ ತನ್ನಿ. ಆಮೇಲೆ ಮತ್ತೆ ಅಡ್ಡ ಮಲಗಿಸದೆ ನೇರ ಗಾಡಿಗೆ ಹಾಕಿ. ಆಯಿಲ್ ಇರುವ ದಪ್ಪ ಭಾಗ ಕೆಳಗೆ, ರಾಡು ಮತ್ತು ಧೂಳಿನ ಕವರ್ ಮೇಲೆ. ಈ ಜಾತಿಯ ಶಾಕನ್ನು ತಿರುಗಿಸಿ ಹಾಕಿದರೆ ಕೆಲಸವೇ ಮಾಡುವುದಿಲ್ಲ.

ಹಳೆಯ ಬುಶ್‌ಗಳನ್ನು ಉಳಿಸಿಕೊಳ್ಳಬೇಡಿ. ರಬ್ಬರ್ ಬುಶ್ ಜಾರಲಿ ಅಂತ ಗ್ರೀಸ್ ಹಚ್ಚುವ ಅಭ್ಯಾಸ ಎಲ್ಲ ಕಡೆ ಇದೆ. ಅದರಿಂದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು. ನಟ್ಟುಗಳನ್ನು ಮೊದಲು ಕೈಬಿಗಿಗೆ ಮಾತ್ರ ತನ್ನಿ. ಚಕ್ರ ನೆಲಕ್ಕೆ ಇಳಿದು, ಗಾಡಿ ತನ್ನ ಭಾರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿ ಮಾಡಿ. ಜೋತುಬಿದ್ದ ಸ್ಥಿತಿಯಲ್ಲೇ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ವಾಷರ್ ರಬ್ಬರನ್ನು ಚೆನ್ನಾಗಿ ಹಿಡಿದರೆ ಸಾಕು, ಅಪ್ಪಚ್ಚಿಯಾಗಿ ಹೊರಗೆ ಉಬ್ಬುವಷ್ಟು ಬೇಡ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಮುಗಿದ ಮೇಲೆ ಒಂದು ಹಿಂದಿನ ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ. ಶಾಕ್‌ನ ಮೈ ಯು ಬೋಲ್ಟಿಗೋ ಸೈಲೆನ್ಸರಿಗೋ ಟೈರಿಗೋ ತಾಗುತ್ತಿದೆಯಾ? ಇನ್ನೊಂದು ಕಡೆಯೂ ಹಾಗೇ ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ನಟ್ಟಿಗೆ ಮತ್ತೊಮ್ಮೆ ಪಾನ ಹಾಕಿ. ರಬ್ಬರು ಕೂತು ಸ್ವಲ್ಪ ಸಡಿಲ ಬಂದೇ ಬರುತ್ತದೆ. ಗುಂಡಿಗೆ ಇಳಿದಾಗ ಟಕ್ ಟಕ್ ಸದ್ದು ಬಂದರೆ ಹೊಸ ಶಾಕ್ ಕೆಟ್ಟಿತು ಅಂತ ಗಾಬರಿ ಬೇಡ, ಮೊದಲು ಬುಶ್ ನೋಡಿ, ಆಮೇಲೆ ಪ್ಲೇಟಿನ ಶ್ಯಾಕಲ್ ಪಿನ್ ನೋಡಿ.

ಮುಂದಿನ ಎರಡು ಶಾಕ್‌ಗಳನ್ನು ಈಗಲೇ ಬದಲಿಸಬೇಕಿಲ್ಲ. ಹಿಂದಿನದು ಆದ ಮೇಲೆ ಅದೇ ಅರ್ಧ ಗಂಟೆಯ ಓಟ ಓಡಿಸಿ ಮುಟ್ಟಿ ನೋಡಿ. ಎರಡೂ ಒಂದೇ ಸಮ ಬೆಚ್ಚಗಿದ್ದು, ಮೈ ಒಣಗಿದ್ದು, ಬ್ರೇಕ್ ಹಿಡಿದಾಗ ಮೂತಿ ಜೋರಾಗಿ ಮುಗ್ಗರಿಸದಿದ್ದರೆ ಇನ್ನೊಂದು ಕೊಯ್ಲಿಗೆ ತೊಂದರೆಯಿಲ್ಲ.